ಜಾಗದ ವ್ಯಾಪಾರ ಕಲಿಸುವವರು ಮೊದಲು ರೇರಾ ನಂಬರ್ ತೋರಿಸಲಿ

ರಿಯಲ್ ಎಸ್ಟೇಟ್‌ನಲ್ಲಿ ದುಡ್ಡು ಮಾಡುವುದು ಹೇಗೆಂದು ಕಲಿಸುವ ಶಿಬಿರದವರಿಗೆ ನಮ್ಮ ಬ್ಯಾರಿ ಮನೆಗಳು ಒಳ್ಳೆಯ ಗಿರಾಕಿ. ಗಲ್ಫಿನಲ್ಲಿ ದುಡಿದ ಉಳಿತಾಯ ಇದೆ, ಬಡ್ಡಿ ಬೇಡವೆಂದು ಡೆಪಾಸಿಟ್ ಇಡದವರು ತುಂಬ ಜನ, ಚಿನ್ನ ಬಿಟ್ಟರೆ ಜಾಗವೇ ಗತಿ. ಕಲಿಯುವ ಆಸೆ ತಪ್ಪಲ್ಲ. ಆದರೆ ಕಲಿಸುವವನಿಗೆ ಲಾಭ ಎಲ್ಲಿಂದ ಬರ್ತದೆ? ಪಾಠದಿಂದಲಾ, ಪಾಠ ಮುಗಿದ ಮೇಲೆ ಮಾರುವ ಸೈಟಿನಿಂದಲಾ? ಫೀಸು ಕಟ್ಟುವ ಮೊದಲೇ ಇದನ್ನು ಕೇಳಬೇಕು.

ಈ ಆಟ ಹೊಸದೇನಲ್ಲ. ಅಮೆರಿಕದಲ್ಲಿ 2005ರಲ್ಲಿ ‘ಟ್ರಂಪ್ ಯೂನಿವರ್ಸಿಟಿ’ ಅಂತ ಶುರುವಾಯಿತು. ಹೆಸರು ಯೂನಿವರ್ಸಿಟಿ, ಪದವಿ ಕೊಡುವ ಅಧಿಕಾರವಿಲ್ಲ. ಮೊದಲ ಕ್ಲಾಸು ಫ್ರೀ, ಆಮೇಲೆ ಮೂರು ದಿನದ ಶಿಬಿರಕ್ಕೆ ಸುಮಾರು 1,500 ಡಾಲರ್, ಅಲ್ಲಿ ಕೂತವರಿಗೆ ಸುಮಾರು 35,000 ಡಾಲರ್‌ವರೆಗಿನ ಮಾರ್ಗದರ್ಶನದ ಪ್ಯಾಕೇಜು. ಕಲಿತವರೇ ಕೋರ್ಟಿಗೆ ಹೋದರು. 2016ರಲ್ಲಿ, ತಪ್ಪು ಒಪ್ಪಿಕೊಳ್ಳದೆಯೇ, 2.5 ಕೋಟಿ ಡಾಲರ್ ಕೊಡುವ ಒಪ್ಪಂದವಾಯಿತು. ಫ್ರೀಯಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಫೀಸು ಇಲ್ಲಿನ ಹೋಟೆಲ್ ಹಾಲ್‌ಗಳಲ್ಲೂ ಕಾಣ್ತದೆ.

ನಮ್ಮ ದೇಶದ್ದು ಬೇಕೆಂದರೆ ಪರ್ಲ್ಸ್, ಅಂದರೆ ಪಿಎಸಿಎಲ್ ಇದೆ. ಕೃಷಿ ಜಮೀನು ಕೊಡ್ತೇವೆ ಎಂದು ಕೋಟ್ಯಂತರ ಜನರಿಂದ ಹಣ ಎತ್ತಿತು. ಅದು ಜಾಗದ ವ್ಯಾಪಾರವಲ್ಲ, ಕಾನೂನುಬಾಹಿರ ಹೂಡಿಕೆ ಯೋಜನೆ ಎಂದು ಸೆಬಿ ಹೇಳಿತು. ಇನ್ನು ಹಲಾಲ್ ಎಂಬ ಮಾತಿನ ಬಲದಲ್ಲೇ ಬೆಳೆದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಬಾಗಿಲು ಹಾಕಿದಾಗ ಅಳುತ್ತಾ ನಿಂತವರು ನಮ್ಮ ಸಮುದಾಯದವರೇ. ಗಡ್ಡ, ಟೊಪ್ಪಿ, ಸಲಾಂ ನೋಡಿ ಚೆಕ್ ಬರೆಯುವ ಅಭ್ಯಾಸ ಅಷ್ಟಾದರೂ ಹೋಗಿಲ್ಲ.

ಈಗ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಂಗಳೂರಿಗೆ ಅದು ರಾಜ್ಯದ ಇನ್ನೊಂದು ತುದಿ, ಆದರೆ ಸೈಟಿನ ಫೋಟೋ ಫೋನಿಗೆ ಬರಲು ಕ್ಷಣ ಸಾಕು. ಮಾರುವವನಿಗೆ ಹೇಳಲು ಬೇಕಷ್ಟಿದೆ: ಹೈದರಾಬಾದ್–ಪುಣೆ ಹೆದ್ದಾರಿ, 2017ರಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ, ಬಸವಕಲ್ಯಾಣದ ನೂತನ ಅನುಭವ ಮಂಟಪ. ಎಲ್ಲ ನಿಜವೇ. ಸೈಟಿನ ಕಾಗದ ಸರಿಯಿದೆಯಾ ಎಂಬುದು ಬೇರೆ ಪ್ರಶ್ನೆ.

ಅಲ್ಲಿಯ ಲೆಕ್ಕವೇ ನಮಗೆ ಹೊಸದು. ನಾವು ಸೆಂಟ್ಸ್ ಅನ್ನುತ್ತೇವೆ, ಅಲ್ಲಿ ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ನಾವು ಕನ್ವರ್ಶನ್ ಅನ್ನುವುದಕ್ಕೆ ಅಲ್ಲಿ ಎನ್‌ಎ. ಶಿಬಿರದಲ್ಲಿ ಆ ಕಡೆಯ ಒಂದು ಸರ್ವೆ ನಂಬರ್ ಕೇಳಿ, ಅದರ ಪಹಣಿ ತೆಗೆಸಿ, ಭೂಪರಿವರ್ತನೆ ಆದೇಶ, ಲೇಔಟ್ ಮಂಜೂರಾತಿ, ಇ.ಸಿ. ಇವನ್ನು ಎಲ್ಲರ ಎದುರು ಓದಿಸಿ. ಓದಲು ಕಲಿಸಿದರೆ ಅದು ಪಾಠ. “ಅದೆಲ್ಲ ನಮ್ಮ ಲಾಯರ್ ನೋಡಿಕೊಳ್ತಾರೆ” ಅಂದರೆ ಎದ್ದು ಬನ್ನಿ. ವಕ್ಫ್ ಜಾಗವಾದರೆ ಮಾರಾಟವೇ ಅಸಿಂಧು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು. ಅದಿಲ್ಲದೆ ಕೊಂಡಿದ್ದರೆ ಎಷ್ಟು ವರ್ಷವಾದರೂ ಮೂಲದವರು ವಾಪಸು ಕೇಳಬಹುದು ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಸುಲಭ ಲಾಭ ಕಲಿಸುವವರ ಬಾಯಲ್ಲಿ ಇವು ಬರುವುದು ಅಪರೂಪ.

ರೇರಾ ಕಾಯ್ದೆಯ ಪ್ರಕಾರ 500 ಚದರ ಮೀಟರ್, ಅಂದರೆ ಸುಮಾರು 12 ಸೆಂಟ್ಸಿಗಿಂತ ದೊಡ್ಡ ಲೇಔಟನ್ನು ನೋಂದಣಿಗೆ ಮುಂಚೆ ಜಾಹೀರಾತು ಮಾಡುವಂತಿಲ್ಲ. ಅಂಥ ಲೇಔಟಿನ ಸೈಟು ಮಾರಿಸಿ ಕಮಿಷನ್ ಪಡೆಯುವವನೂ ಏಜೆಂಟಾಗಿ ನೋಂದಾಯಿಸಬೇಕು, ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿ ದಂಡ. “ಕೋರ್ಸು ಮಾಡಿ, ನಿಮ್ಮ ಭಾವ ಮೈದುನರಿಗೆ ಸೈಟು ಕೊಡಿಸಿ, ಕಮಿಷನ್ ತಗೊಳ್ಳಿ” ಎನ್ನುವವರು ನಮ್ಮ ಹುಡುಗರನ್ನು ಯಾವ ಗುಂಡಿಗೆ ತಳ್ಳುತ್ತಾರೆ ನೋಡಿ. ದಂಡವೂ ಹುಡುಗನಿಗೆ, ಸಂಬಂಧ ಹಾಳಾಗುವುದೂ ಹುಡುಗನದ್ದೇ.

ಸರಿಯಾದ ತರಬೇತಿ ಇಲ್ಲವೆಂದಲ್ಲ. ಬಸವಕಲ್ಯಾಣದ ಗಡಿ ದಾಟಿದರೆ ಸಿಗುವ ಮಹಾರಾಷ್ಟ್ರದಲ್ಲಿ ಅಲ್ಲಿನ ರೇರಾ ಪ್ರಾಧಿಕಾರವೇ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿತು. ಅಲ್ಲಿ ಕಲಿಸುವುದು ಕಾನೂನು, ಕಾಗದ. ಹಣ ಡಬಲ್ ಮಾಡುವ ಮಾತಿಲ್ಲ.

ಈಗಾಗಲೇ ಫೀಸು ಕಟ್ಟಿ ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರಬೇಡಿ. ರಸೀದಿ, ಕರಪತ್ರ, ವಾಟ್ಸಾಪ್ ಮೆಸೇಜು ತೆಗೆದಿಡಿ. ಶಿಬಿರ ನಡೆದದ್ದು ಹುಮನಾಬಾದಿನಲ್ಲೇ ಆಗಲಿ ಬೆಂಗಳೂರಿನಲ್ಲೇ ಆಗಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.