ಕ್ಷಮೆಯ ಕೂಗು ಮತ್ತು ನ್ಯಾಯದ ಮರೆವು

ಅಧಿಕಾರದಿಂದ ಇಳಿದ ನಾಯಕನೊಬ್ಬ ಸೆರೆಮನೆ ಸೇರಿದೊಡನೆ ಅವನ ಪರವಾಗಿ ಲೋಕದಲ್ಲಿ ದೊಡ್ಡ ಕೂಗೇಳುತ್ತದೆ. ಮೆರವಣಿಗೆ, ಸಹಿ ಸಂಗ್ರಹ, ಮನವಿಪತ್ರಗಳ ಸರಮಾಲೆಯೇ ಆರಂಭವಾಗುತ್ತದೆ. ಆದರೆ ಈ ಆಂದೋಲನಗಳು ಬೇಡುವುದು ಏನನ್ನು? ನ್ಯಾಯವನ್ನೇ ಅಥವಾ ದಯೆಯನ್ನೇ?

ಪಾಕಿಸ್ತಾನದ ಮಾಜಿ ಪ್ರಧಾನಿ ಝುಲ್ಫಿಕರ್ ಅಲಿ ಭುಟ್ಟೋರ ಉದಾಹರಣೆ ನಮ್ಮ ಮುಂದಿದೆ. 1978ರ ಮಾರ್ಚ್‌ನಲ್ಲಿ ಲಾಹೋರ್ ಹೈಕೋರ್ಟ್ ಅವರಿಗೆ ಮರಣದಂಡನೆ ವಿಧಿಸಿತು. 1979ರ ಫೆಬ್ರವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರಲ್ಲಿ ನಾಲ್ವರು ಅದನ್ನು ಎತ್ತಿಹಿಡಿದರು, ಮೂವರು ಭಿನ್ನಮತ ಬರೆದರು. ಹಲವು ರಾಷ್ಟ್ರಗಳ ಮುಖ್ಯಸ್ಥರು ಕ್ಷಮಾದಾನಕ್ಕಾಗಿ ಮೊರೆಯಿಟ್ಟರೂ ಜನರಲ್ ಝಿಯಾ ಕಿವಿಗೊಡಲಿಲ್ಲ. ಏಪ್ರಿಲ್ 4ರಂದು ರಾವಲ್ಪಿಂಡಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಭುಟ್ಟೋರಿಗೆ ನ್ಯಾಯಯುತ ವಿಚಾರಣೆ ದೊರೆತಿರಲಿಲ್ಲವೆಂದು ಅದೇ ಸರ್ವೋಚ್ಚ ನ್ಯಾಯಾಲಯ ಒಪ್ಪಿಕೊಂಡದ್ದು 2024ರ ಮಾರ್ಚ್‌ನಲ್ಲಿ. 45 ವರ್ಷಗಳ ಬಳಿಕ ಬಂದ ಆ ಮಾತು ಯಾರಿಗೆ ಪ್ರಯೋಜನ? ಸರ್ವಾಧಿಕಾರಿಯ ಮುಂದೆ ದಯೆಗಾಗಿ ಕೈಚಾಚುವವರು ಅವನ ನ್ಯಾಯಪೀಠವನ್ನು ಅರಿಯದೆಯೇ ಮಾನ್ಯ ಮಾಡುತ್ತಾರೆ.

ಇನ್ನು ದಯೆ ದೊರೆತಾಗಲೂ ಅದು ಹಲವೊಮ್ಮೆ ವ್ಯಾಪಾರವಾಗಿರುತ್ತದೆ. ಪೆರುವಿನ ಮಾಜಿ ಅಧ್ಯಕ್ಷ ಫುಜಿಮೋರಿಗೆ 25 ಜನರ ಹತ್ಯೆಗೆ ಸಂಬಂಧಿಸಿದಂತೆ 2009ರಲ್ಲಿ 25 ವರ್ಷಗಳ ಶಿಕ್ಷೆಯಾಗಿತ್ತು. 2017ರ ಡಿಸೆಂಬರ್‌ನಲ್ಲಿ ಅಂದಿನ ಅಧ್ಯಕ್ಷ ಕುಚಿನ್‌ಸ್ಕಿ, ಫುಜಿಮೋರಿಯ ಮಗನ ಬಣದ ನೆರವಿನಿಂದ ಪದಚ್ಯುತಿಯ ಮತದಾನದಲ್ಲಿ ಪಾರಾದ ಮೂರೇ ದಿನಗಳಲ್ಲಿ ಅವರಿಗೆ ಕ್ಷಮಾದಾನ ನೀಡಿದರು. ಹತರಾದವರ ಕುಟುಂಬಗಳನ್ನು ಆಗ ಕೇಳಿದವರು ಯಾರು?

ನಮ್ಮ ಸಂವಿಧಾನದ 72 ಮತ್ತು 161ನೇ ವಿಧಿಗಳು ರಾಷ್ಟ್ರಪತಿ ಹಾಗೂ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ನೀಡಿವೆ. ಅದು ಆಳುವವರ ಖಾಸಗಿ ಸ್ವತ್ತಲ್ಲ. ಆಂಧ್ರಪ್ರದೇಶದಲ್ಲಿ ಆಡಳಿತ ಪಕ್ಷದ ನಾಯಕನೊಬ್ಬನಿಗೆ ನೀಡಲಾಗಿದ್ದ ಶಿಕ್ಷಾ ವಿನಾಯಿತಿಯನ್ನು 2006ರಲ್ಲಿ ರದ್ದುಪಡಿಸಿದ ಸರ್ವೋಚ್ಚ ನ್ಯಾಯಾಲಯವು, ಜಾತಿ, ಧರ್ಮ, ರಾಜಕೀಯ ನಿಷ್ಠೆಗಳು ಕ್ಷಮೆಗೆ ಆಧಾರವಾಗಲಾರವೆಂದು ಸ್ಪಷ್ಟಪಡಿಸಿತು. ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳಿಗೆ ದೊರೆತಿದ್ದ ವಿನಾಯಿತಿಯೂ 2024ರ ಜನವರಿ 8ರಂದು ರದ್ದಾಯಿತು. ಆ ತೀರ್ಪನ್ನು ಸ್ವಾಗತಿಸಿದ ನಾವು, ನಮಗೆ ಪ್ರಿಯನಾದ ನಾಯಕನ ವಿಷಯದಲ್ಲಿ ಮಾತ್ರ ಬೇರೆ ತಕ್ಕಡಿ ಹಿಡಿಯಬಹುದೇ?

ದೂರದ ದೇಶಗಳ ಮಾತು ಸಾಕು, ನಮ್ಮ ಊರಿಗೆ ಬರೋಣ. 1994ರ ಜನವರಿಯಲ್ಲಿ, ಅಂದು ಗುಲ್ಬರ್ಗಾ ಎನಿಸಿದ್ದ ಕಲಬುರಗಿಯಿಂದ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಹೈದರಾಬಾದ್ ಪೊಲೀಸರು ಕರೆದೊಯ್ದರು. ರೈಲು ಸ್ಫೋಟದ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಪಡೆದ ತಪ್ಪೊಪ್ಪಿಗೆಯ ಬಲದಿಂದ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ 11ರಂದು ಸರ್ವೋಚ್ಚ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ಅಷ್ಟರಲ್ಲಿ 22 ವರ್ಷಗಳು ಕಳೆದಿದ್ದವು. ಅವನಿಗಾಗಿ ಯಾವ ರಾಷ್ಟ್ರದ ಮುಖ್ಯಸ್ಥನೂ ಪತ್ರ ಬರೆಯಲಿಲ್ಲ. ಅವನಿಗೆ ಬೇಕಿದ್ದುದು ಕ್ಷಮೆಯಲ್ಲ. ಮಾಡದ ತಪ್ಪಿಗೆ ಕ್ಷಮೆ ಎಲ್ಲಿಯದು? ಸಕಾಲದ ನ್ಯಾಯವಷ್ಟೇ ಅವನನ್ನು ಉಳಿಸಬಹುದಾಗಿತ್ತು.

ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು ಎಂದು 2022ರ ಸರಕಾರಿ ಅಂಕಿಅಂಶಗಳೇ ಹೇಳಿವೆ. ಅಂತಹ ಮಗನನ್ನು ನೋಡಲು ಕಮಲಾಪುರದಿಂದ ಬಸ್ಸೇರಿ ಕಲಬುರಗಿಯ ಕೇಂದ್ರ ಕಾರಾಗೃಹದ ಬಾಗಿಲಿಗೆ ಬರುವ ಬಡ ತಾಯಿಗೆ ಕಾನೂನಿನ ದಾರಿ ತೋರಿಸುವವರು ಯಾರು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಮೊದಲ ಬಾರಿಯ ಆರೋಪಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು, ಇತರರು ಅರ್ಧ ಭಾಗವನ್ನು ಒಳಗೇ ಕಳೆದಿದ್ದರೆ ಬಿಡುಗಡೆಗೆ ಅವಕಾಶವಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಹಲವು ಪ್ರಕರಣಗಳನ್ನು ಎದುರಿಸುತ್ತಿರುವವರಿಗೂ ಇದು ಅನ್ವಯಿಸದು. ಇದಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು ಕಾರಾಗೃಹದ ಅಧೀಕ್ಷಕರದೇ ಹೊಣೆ. ಬಂಧನದಲ್ಲಿರುವ ಯಾರೇ ಆಗಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಪಡೆಯಲು ಅರ್ಹರು.

ಸೆರೆಯಲ್ಲಿರುವ ನಾಯಕನ ಪರವಾಗಿ ಸಹಿ ಹಾಕುವುದು ಅಪರಾಧವಲ್ಲ. ಆದರೆ ಅವನ ಹೆಸರಿನಲ್ಲಿ ನಿಷ್ಪಕ್ಷಪಾತ ವಿಚಾರಣೆಯನ್ನು ಕೇಳಿ, ದಯಾಭಿಕ್ಷೆಯನ್ನಲ್ಲ. ನಾಯಕನಿಗೆ ಪಕ್ಷವಿದೆ, ಪತ್ರಿಕೆಗಳಿವೆ, ವಕೀಲರ ಪಡೆಯಿದೆ. ನಮ್ಮ ಊರಿನ ಕಾರಾಗೃಹದಲ್ಲಿ ವಿಚಾರಣೆಯ ದಿನಾಂಕಕ್ಕಾಗಿ ಕಾಯುತ್ತಿರುವವನಿಗೆ ಯಾರಿದ್ದಾರೆ? ಮೊದಲ ಅರ್ಜಿ ಅವನಿಗಾಗಿ ಬರೆಯಲ್ಪಡಲಿ.