71 ಮತಗಳ ಪಾಠ: ಒಬ್ಬರನ್ನೇ ನಂಬಿದ ಪ್ರಾತಿನಿಧ್ಯದ ಲೆಕ್ಕಾಚಾರ

ಅರಬ್ಬೀ ಸಮುದ್ರದ ಲಕ್ಷದ್ವೀಪದ ಒಟ್ಟು ಭೂವಿಸ್ತೀರ್ಣ ಕೇವಲ 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 64,473. ಅದೇ ಗಣತಿಯಲ್ಲಿ ಸುಮಾರು 84 ಲಕ್ಷ ಜನರಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು 198 ವಾರ್ಡ್‌ಗಳಾಗಿ ವಿಂಗಡಿಸಲಾಗಿತ್ತು. ಹೊಸಕೆರೆಹಳ್ಳಿ ಅವುಗಳಲ್ಲಿ ಒಂದು. ಸರಾಸರಿ ಲೆಕ್ಕದಲ್ಲಿ ನೋಡಿದರೆ ಇಡೀ ಲಕ್ಷದ್ವೀಪವು ಅಂತಹ ಒಂದೂವರೆ ವಾರ್ಡಿಗೆ ಸಮಾನ. ಆದರೂ ಅದಕ್ಕೆ ಲೋಕಸಭೆಯಲ್ಲಿ ಪೂರ್ಣ ಪ್ರಮಾಣದ ಒಂದು ಸ್ಥಾನವಿದೆ. ಆ ಸ್ಥಾನವನ್ನು 37 ವರ್ಷಗಳ ಕಾಲ ಒಬ್ಬರೇ ವ್ಯಕ್ತಿ ಹೊಂದಿದ್ದರೆಂಬುದು ವರ್ತಕರೂ ಸಣ್ಣ ಉದ್ದಿಮೆದಾರರೂ ಗಮನಿಸತಕ್ಕ ಸಂಗತಿಯಾಗಿದೆ.

ಈ ದ್ವೀಪಗಳು ಕನ್ನಡನಾಡಿಗೆ ಅಪರಿಚಿತವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮತ್ತು ಬಿತ್ರಾ ಒಳಗೊಂಡ ಅಮಿನದೀವಿ ದ್ವೀಪಗಳು ಟಿಪ್ಪು ಸುಲ್ತಾನನ ಅಧೀನದಲ್ಲಿದ್ದು, 1799ರ ನಂತರ ಕಂಪನಿ ಸರ್ಕಾರದ ವಶವಾಗಿ ದಕ್ಷಿಣ ಕನ್ನಡ ಜಿಲ್ಲಾಡಳಿತಕ್ಕೆ ಸೇರಿದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನಿಂದ ಅಕ್ಕಿ ಹೋಗುತ್ತಿತ್ತು. ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಗಿದ್ದುದರಿಂದ ದರವನ್ನು ನಿಗದಿಪಡಿಸುತ್ತಿದ್ದುದೂ ಸರ್ಕಾರವೇ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದುಗೂಡಿದ ದಿನವೇ ಈ ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಆಡಳಿತ ಬೇರೆಯಾದರೂ ವ್ಯಾಪಾರ ನಿಲ್ಲಲಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ದಿನಸಿ ಹಾಗೂ ಕಟ್ಟಡ ಸಾಮಗ್ರಿಗಳ ಸಾಗಣೆ ಮುಂದುವರಿಯಿತು.

ಆಂದ್ರೋತ್ ದ್ವೀಪದಲ್ಲಿ 1941ರಲ್ಲಿ ಜನಿಸಿದ ಪಿ.ಎಂ. ಸಯೀದ್ ಅವರು ಪದವಿ ವ್ಯಾಸಂಗಕ್ಕಾಗಿ ಬಂದದ್ದೂ ಮಂಗಳೂರಿನ ಸರ್ಕಾರಿ ಕಾಲೇಜಿಗೇ. ಬಳಿಕ ಮುಂಬಯಿಯಲ್ಲಿ ಕಾನೂನು ಓದಿದರು. ಅಲ್ಲಿಯವರೆಗೆ ದ್ವೀಪಗಳ ಲೋಕಸಭಾ ಸದಸ್ಯರನ್ನು ರಾಷ್ಟ್ರಪತಿಗಳು ನಾಮಕರಣ ಮಾಡುತ್ತಿದ್ದರು. 1967ರಲ್ಲಿ ನಡೆದ ಮೊದಲ ನೇರ ಚುನಾವಣೆಯಲ್ಲಿ ಸಯೀದ್ ಅವರು 25ರ ಹರೆಯದಲ್ಲಿ ಆಯ್ಕೆಯಾದರು. ಅಲ್ಲಿಂದ 1999ರವರೆಗೆ ಸತತ ಹತ್ತು ಚುನಾವಣೆಗಳಲ್ಲಿ ಜಯ ಅವರದಾಯಿತು. ಕೇಂದ್ರದಲ್ಲಿ ರಾಜ್ಯ ಸಚಿವರಾಗಿ ಗೃಹ, ವಾರ್ತಾ ಮತ್ತು ಪ್ರಸಾರ ಮುಂತಾದ ಖಾತೆಗಳಲ್ಲಿ ಕಾರ್ಯನಿರ್ವಹಿಸಿದರು. ವಾಜಪೇಯಿ ಸರ್ಕಾರದ ಅವಧಿಯಲ್ಲಿ, ವಿರೋಧ ಪಕ್ಷವಾದ ಕಾಂಗ್ರೆಸ್ಸಿನಲ್ಲಿದ್ದುಕೊಂಡೇ, 1998ರಿಂದ 2004ರವರೆಗೆ ಲೋಕಸಭೆಯ ಉಪಾಧ್ಯಕ್ಷರಾಗಿದ್ದರು.

2004ರಲ್ಲಿ ಹನ್ನೊಂದನೆಯ ಬಾರಿ ಸ್ಪರ್ಧಿಸಿದಾಗ ಸಂಯುಕ್ತ ಜನತಾದಳದ ಪಿ. ಪೂಕುಞ್ಞಿ ಕೋಯ ಅವರ ಎದುರು ಸಯೀದ್ ಸೋತರು. ಅಂತರ ಕೇವಲ 71 ಮತ! ಆದರೆ ಅವರ ಪಕ್ಷ ದೆಹಲಿಯಲ್ಲಿ ಅಧಿಕಾರಕ್ಕೆ ಬಂದಿತು. ಹತ್ತು ಬಾರಿ ಗೆದ್ದಾಗ ದೊರೆಯದಿದ್ದ ಸಂಪುಟ ದರ್ಜೆ ಸೋತ ವರ್ಷವೇ ದೊರೆತು ಅವರು ಇಂಧನ ಸಚಿವರಾದರು, ರಾಜ್ಯಸಭೆಯ ಸದಸ್ಯರೂ ಆದರು. 2005ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಿಧನ ಹೊಂದಿದರು. ಅವರ ಪುತ್ರ ಹಮ್ದುಲ್ಲಾ ಸಯೀದ್ 2009ರಲ್ಲಿಯೂ ಮತ್ತೆ 2024ರಲ್ಲಿಯೂ ಅದೇ ಕ್ಷೇತ್ರದಿಂದ ಗೆದ್ದರು.

ಈ ಜೀವನಕ್ರಮದಲ್ಲಿ ಎರಡು ಖಾತೆಗಳಿವೆ. ಒಂದು ವ್ಯಕ್ತಿಯದು, ಇನ್ನೊಂದು ಕ್ಷೇತ್ರದ್ದು. ಒಂದರ ಜಮೆ ಇನ್ನೊಂದರ ಜಮೆಯೇ ಆಗಬೇಕೆಂದಿಲ್ಲ ಎಂಬುದನ್ನು 2004ನೇ ವರ್ಷ ತೋರಿಸಿಕೊಟ್ಟಿತು. ದೀರ್ಘಾವಧಿಯ ಪ್ರತಿನಿಧಿಯಿಂದ ಲಾಭವಿಲ್ಲವೆಂದಲ್ಲ. ಕಡತ ಯಾವ ಮೇಜಿನ ಮೇಲಿದೆ, ಯಾರಿಗೆ ಹೇಳಿದರೆ ಚಲಿಸುತ್ತದೆ ಎಂಬ ಅನುಭವ ಹತ್ತು ಅವಧಿಗಳ ಸದಸ್ಯರಿಗಿರುವಂತೆ ಹೊಸಬರಿಗೆ ಇರಲಾರದು. ಆದರೆ ಒಬ್ಬನೇ ಗಿರಾಕಿಯನ್ನು ನೆಚ್ಚಿದ ಕಾರ್ಖಾನೆಯ ಆಸ್ತಿ-ಹೊಣೆ ಪಟ್ಟಿ ಎಷ್ಟೇ ಚೆನ್ನಾಗಿ ಕಂಡರೂ ಅನುಭವಿ ಲೆಕ್ಕಪರಿಶೋಧಕರು ಅದರ ಕೆಳಗೊಂದು ಎಚ್ಚರಿಕೆಯ ಮಾತು ಬರೆಯದೆ ಬಿಡುವುದಿಲ್ಲ. ಒಬ್ಬರೇ ಪ್ರತಿನಿಧಿಯನ್ನು ನೆಚ್ಚಿದ ಸಮುದಾಯಕ್ಕೂ ಈ ಮಾತು ಅನ್ವಯಿಸುತ್ತದೆ.

ಲಕ್ಷದ್ವೀಪಕ್ಕೆ ಈ ವಿಷಯದಲ್ಲಿ ಆಯ್ಕೆಯೇ ಕಡಿಮೆ. ಅಲ್ಲಿ ವಿಧಾನಸಭೆಯಿಲ್ಲ, ಆಡಳಿತವನ್ನು ಕೇಂದ್ರವು ನೇಮಿಸುವ ಆಡಳಿತಾಧಿಕಾರಿ ನಡೆಸುತ್ತಾರೆ. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಮಂಡಳಿಯಲ್ಲಿ ರಾಜ್ಯಗಳಿಗೂ ವಿಧಾನಸಭೆಯುಳ್ಳ ಕೇಂದ್ರಾಡಳಿತ ಪ್ರದೇಶಗಳಿಗೂ ಸ್ಥಾನವಿದೆ, ಲಕ್ಷದ್ವೀಪಕ್ಕಿಲ್ಲ. ಬೆಂಗಳೂರಿನ ವರ್ತಕರು ಅಲ್ಲಿಗೆ ಸರಕು ಕಳುಹಿಸಿದರೆ ಬಿಲ್ಲಿನಲ್ಲಿ 31ರ ಸಂಕೇತ ನಮೂದಿಸಿ ಸಮಗ್ರ ತೆರಿಗೆ ವಿಧಿಸಬೇಕು. ಆದರೆ ಆ ತೆರಿಗೆಯ ದರ ನಿರ್ಧರಿಸುವಲ್ಲಿ ಸರಕು ಕೊಳ್ಳುವ ದ್ವೀಪವಾಸಿಗಳ ಪರವಾಗಿ ಕೂರುವ ಸ್ವಂತ ಸಚಿವರಿಲ್ಲ. ಅವರ ಪಾಲಿಗೆ ಉಳಿಯುವುದು ಲೋಕಸಭೆಯ ಆ ಒಂದು ಧ್ವನಿ ಮಾತ್ರ.

ಹೊಸಕೆರೆಹಳ್ಳಿಯ ಸ್ಥಿತಿ ಹಾಗಲ್ಲ. ಸಂಸದರು, ಶಾಸಕರು, ಜೊತೆಗೆ ವಾಣಿಜ್ಯ ಸಂಸ್ಥೆಗಳು, ಹೀಗೆ ಹಲವು ಬಾಗಿಲುಗಳು ಇಲ್ಲಿವೆ. ಆದರೂ ವರ್ತಕರಲ್ಲಿ ಅನೇಕರು ಉದ್ದಿಮೆ ಪರವಾನಗಿಯಾಗಲಿ, ಚರಂಡಿಯಾಗಲಿ, ರಸ್ತೆ ಅಗೆತವಾಗಲಿ, ಎಲ್ಲಕ್ಕೂ ಪರಿಚಯದ ಒಬ್ಬರನ್ನೇ ಹಿಡಿಯುವ ಪರಿಪಾಠ ಬೆಳೆಸಿಕೊಂಡಿದ್ದಾರೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿದು, ವರ್ಷಗಟ್ಟಲೆ ವಾರ್ಡ್‌ಗಳಿಗೆ ಸದಸ್ಯರೇ ಇಲ್ಲದಂತಾದಾಗ ಈ ಪರಿಪಾಠದ ಬೆಲೆ ಏನೆಂಬುದು ತಿಳಿಯಿತು. ಬಾಯಿಮಾತಿನ ಭರವಸೆಗೆ ವಾರಸುದಾರರಿರುವುದಿಲ್ಲ. ಲಿಖಿತ ಮನವಿ, ಅದರ ಸ್ವೀಕೃತಿ, ಸಂಘದ ನಿರ್ಣಯ ಇವು ವ್ಯಕ್ತಿ ಬದಲಾದರೂ ಕಡತದಲ್ಲಿ ಉಳಿಯುತ್ತವೆ.

ಎರಡನೆಯ ಪಾಠ ಮತದಾನದ್ದು. ಒಂದು ವ್ಯಾಪಾರಿ ಬೀದಿಯ ಅಂಗಡಿಗಳ ಮಾಲೀಕರು, ನೌಕರರು ಹಾಗೂ ಅವರ ಕುಟುಂಬದವರನ್ನು ಎಣಿಸಿದರೆ 71ನ್ನು ಮೀರುವುದು ಕಷ್ಟವಲ್ಲ. ಅಷ್ಟೇ ಮತಗಳು 37 ವರ್ಷಗಳ ಸ್ಥಾನವನ್ನು ಬದಲಿಸಿದವು. ಹೀಗಿರುವಾಗ ಮತದಾನದ ರಜೆಯನ್ನು ಪ್ರವಾಸಕ್ಕೆ ಬಳಸಿ, ಮರುದಿನ ಆಡಳಿತವನ್ನು ದೂರುವ ವರ್ತಕನ ಮಾತಿಗೆ ತೂಕ ಎಲ್ಲಿಂದ ಬರಬೇಕು?

ಪ್ರತಿನಿಧಿಗಳೊಡನೆ ಸೌಹಾರ್ದವಿರಲಿ; ಆದರೆ ಬೇಡಿಕೆ ಸಂಸ್ಥೆಯ ಹೆಸರಿನಲ್ಲಿರಲಿ, ಬರವಣಿಗೆಯಲ್ಲಿರಲಿ, ಒಂದಕ್ಕಿಂತ ಹೆಚ್ಚು ಬಾಗಿಲುಗಳಿಗೆ ತಲುಪಲಿ. ಸಾಲ ಕೊಡುವಾಗ ವರ್ತಕರು ತೋರುವ ಎಚ್ಚರವನ್ನು ನಂಬಿಕೆ ಇಡುವಾಗಲೂ ತೋರಿದರೆ ಸಾಕು.