ಮನೆ ಹೋದ ಮೇಲೂ ಉಳಿಯುವ ಸಾಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರಿಗೆ ಮೂರನೆಯದೊಂದು ಕಷ್ಟ ಗೊತ್ತಿರಲಿಲ್ಲ. ಕಟ್ಟಿದ ಮನೆಗೆ ಸಾಲ ಕೊಟ್ಟವರೇ ಬಂದು ಬೀಗ ಜಡಿದು, ಹರಾಜು ಹಾಕಿ, ಬಂದ ಹಣ ಎಣಿಸಿಕೊಂಡ ಮೇಲೂ, "ಇನ್ನೂ ಬಾಕಿ ಇದೆ, ಯಾವಾಗ ಕಟ್ಟುತ್ತೀರಿ?" ಎಂದು ಕೇಳುವ ಕಷ್ಟ ಅದು. ಎಮ್ಮೆ ಕೊಟ್ಟಿಗೆಯಿಂದ ಹೋದ ಮೇಲೂ ಹಿಂಡಿಯ ಲೆಕ್ಕ ಕೊಡುತ್ತಲೇ ಇರಬೇಕಂತೆ. ಇದನ್ನು ಕಾನೂನು ಒಪ್ಪುತ್ತದೆ. ನಾನು ಒಪ್ಪುವುದಿಲ್ಲ.

ನಮ್ಮ ಓಣಿಯಲ್ಲಿ ಬಟ್ಟೆ ಹೊಲಿದು ಕೊಡುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳ ಗಂಡ ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವ ಸಣ್ಣ ಪ್ರೆಸ್ಸು ಇಟ್ಟಿದ್ದ. 2015ರಲ್ಲಿ ಇಬ್ಬರೂ ಸೇರಿ ಒಂದು ಗೃಹಸಾಲ ಸಂಸ್ಥೆಯಿಂದ 14 ಲಕ್ಷ ರೂಪಾಯಿ ತಂದು ಮನೆ ಕೊಂಡರು. ಶೇಕಡಾ ಹನ್ನೊಂದೂವರೆ ಬಡ್ಡಿ, 20 ವರ್ಷದ ಅವಧಿ, ತಿಂಗಳಿಗೆ ಸುಮಾರು 14,930 ರೂಪಾಯಿ ಕಂತು. ಐದು ವರ್ಷ ಒಂದು ಕಂತೂ ತಪ್ಪಲಿಲ್ಲ. ಕಟ್ಟಿದ್ದು ಹತ್ತಿರ ಹತ್ತಿರ 9 ಲಕ್ಷ. ಅಸಲಿನಲ್ಲಿ ಇಳಿದದ್ದು ಎಷ್ಟು ಗೊತ್ತೆ? 1 ಲಕ್ಷ 22 ಸಾವಿರ! ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆಂಬುದು ಎಲ್ಲ ಗೃಹಸಾಲದ ಲೆಕ್ಕವೇ. ಆದರೆ ಸಾಲ ಕೊಡುವಾಗ ಅದನ್ನು ಬಿಡಿಸಿ ಹೇಳುವ ಅಧಿಕಾರಿಯನ್ನು ನಾನಂತೂ ನೋಡಿಲ್ಲ.

2020ರಲ್ಲಿ ಲಾಕ್‌ಡೌನ್ ಬಂತು. ಮದುವೆಗಳೇ ಇಲ್ಲದ ಮೇಲೆ ಮದುವೆ ಕಾಗದ ಯಾರಿಗೆ ಬೇಕು? ರಿಸರ್ವ್ ಬ್ಯಾಂಕು ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು, ನಿಜ. ಆದರೆ ಮುಂದೂಡಿದ್ದು ಕಂತನ್ನು, ಬಡ್ಡಿಯನ್ನಲ್ಲ. ಪ್ರೆಸ್ಸು ಮತ್ತೆ ಏಳಲೇ ಇಲ್ಲ. 2022ರಲ್ಲಿ ಮನೆ ಹರಾಜಾಯಿತು. ಅಷ್ಟು ಹೊತ್ತಿಗೆ ಎರಡು ವರ್ಷದ ಬಡ್ಡಿ, ದಂಡದ ಬಡ್ಡಿ, ವಕೀಲರ ಫೀಸು, ಜಾಹೀರಾತಿನ ಖರ್ಚು ಎಲ್ಲ ಸೇರಿ ಸಂಸ್ಥೆ ತೋರಿಸಿದ ಬಾಕಿ 16 ಲಕ್ಷ 40 ಸಾವಿರ. ಹರಾಜಿನಲ್ಲಿ ಬಂದದ್ದು 12 ಲಕ್ಷ. ಉಳಿದ 4 ಲಕ್ಷ 40 ಸಾವಿರ ಇವರ ತಲೆಗೆ.

"ಮನೆ ಹೋಯ್ತಲ್ಲ ಟೀಚರ್, ಇನ್ನು ಯಾವ ಮನೆಗೆ ಅಂತ ಕಟ್ಟಲಿ?" ಎಂದು ಆಕೆ ಕೇಳಿದಳು.

2002ರ ಸರ್ಫೇಸಿ ಕಾಯ್ದೆಯ ಪ್ರಕಾರ ಕೋರ್ಟಿನ ಮೆಟ್ಟಿಲು ಹತ್ತದೆಯೇ ಸಾಲ ಕೊಟ್ಟವರು ಒತ್ತೆಯಿಟ್ಟ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡು ಮಾರಬಹುದು. ಮೊದಲು 60 ದಿನಗಳ ನೋಟಿಸು ಕೊಡಬೇಕು. ಮಾರಿದ ಹಣ ಸಾಲದಲ್ಲದೆ ಮಿಕ್ಕರೆ ಮನೆಯವರಿಗೆ ವಾಪಸು ಕೊಡಬೇಕು. ಸಾಲದೇ ಹೋದರೆ ಉಳಿದದ್ದಕ್ಕೆ ನ್ಯಾಯಮಂಡಳಿಗೋ ಕೋರ್ಟಿಗೋ ಹೋಗಬಹುದು. ಬಾಯಿಮಾತಿಗೆ ನ್ಯಾಯವೇ. ಆದರೆ ಮನೆಯ ಕನಿಷ್ಠ ಬೆಲೆ ಕಟ್ಟುವವರು ಯಾರು? ಸಾಲ ಕೊಟ್ಟವರ ಅಧಿಕಾರಿ, ಅವರೇ ಕರೆಸಿದ ಮೌಲ್ಯಮಾಪಕರ ವರದಿ ತೆಗೆದುಕೊಂಡು, ಸಾಲ ಕೊಟ್ಟವರ ಜೊತೆ ಸಮಾಲೋಚಿಸಿ ಬೆಲೆ ನಿಗದಿ ಮಾಡಬೇಕೆಂದು ನಿಯಮವೇ ಹೇಳುತ್ತದೆ. ಮನೆ ಕಳೆದುಕೊಳ್ಳುವವಳನ್ನು ಕೇಳಬೇಕೆಂದು ಅಲ್ಲಿ ಬರೆದಿಲ್ಲ. ಸಾಲ ಕೊಡುವ ದಿನ ಇದೇ ಮನೆಗೆ ಇದೇ ಸಂಸ್ಥೆಯ ಮನುಷ್ಯ 18 ಲಕ್ಷ ಬೆಲೆ ಕಟ್ಟಿದ್ದ. ಏಳು ವರ್ಷದಲ್ಲಿ ಗೋಡೆ ಕುಸಿದಿರಲಿಲ್ಲ, ಸೂರು ಹಾರಿಹೋಗಿರಲಿಲ್ಲ. ಹದಿನೆಂಟು ಹನ್ನೆರಡಾದ ಆ ಆರು ಲಕ್ಷದ ನಷ್ಟ ಅಂದಾಜು ಮಾಡಿದವನಿಗೆ ತಟ್ಟಲಿಲ್ಲ, ಸಂಸ್ಥೆಗೂ ತಟ್ಟಲಿಲ್ಲ. ರವಿಕೆ ಹೊಲಿಯುವವಳಿಗೆ ತಟ್ಟಿತು.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಭಾವನವರು ನನ್ನ ಮಾತು ಕೇಳಿ ನಕ್ಕರು. "ಅದು ನಿಮ್ಮಂಥವರ ಠೇವಣಿ ದುಡ್ಡಮ್ಮ, ಬಿಟ್ಟುಕೊಟ್ಟರೆ ನಾಳೆ ನಿನ್ನ ಬಡ್ಡಿ ಯಾರು ಕೊಡ್ತಾರೆ?" ಎಂದರು. ಒಳ್ಳೆಯ ಪ್ರಶ್ನೆ. ಸಾಲ ತಂದವರು ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಉದ್ದೇಶಪೂರ್ವಕವಾಗಿ ಮೋಸ ಮಾಡುವವರನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಭಾವನವರೇ, 2016ರ ದಿವಾಳಿ ಸಂಹಿತೆಯಲ್ಲಿ ಕಂಪನಿಗಳಿಗೆ ಏನಾಗುತ್ತದೆ? ಮುಳುಗಿದ ಕಂಪನಿಯನ್ನು ಇನ್ನೊಬ್ಬ ಕೊಂಡು, ಮಂಜೂರಾದ ಯೋಜನೆಯಂತೆ ಇಷ್ಟು ಕೊಟ್ಟರೆ, ಯೋಜನೆಯಲ್ಲಿ ಸೇರದ ಹಳೆಯ ಬಾಕಿಗಳೆಲ್ಲ ಅಲ್ಲಿಗೆ ಅಳಿದುಹೋದವು ಎಂದು ಸುಪ್ರೀಂ ಕೋರ್ಟೇ 2021ರಲ್ಲಿ ಹೇಳಿತಲ್ಲ. ಅಲ್ಲಿ ಬಿಟ್ಟುಕೊಟ್ಟದ್ದು ಯಾರ ಠೇವಣಿ? ಕಂಪನಿಗೆ ಹೊಸ ಜನ್ಮ ಉಂಟು, ಸಂಸಾರಕ್ಕೆ ಇಲ್ಲ.

ಇದು ನಮ್ಮ ದೇಶದ ಗೋಳು ಮಾತ್ರವಲ್ಲ. ಅಮೆರಿಕದಲ್ಲಿ ಕಾರ್ಖಾನೆಯಲ್ಲೇ ತಯಾರಾಗಿ, ಚಕ್ರದ ಮೇಲೆ ಬಂದು, ಬಾಡಿಗೆ ನೆಲದಲ್ಲಿ ನಿಲ್ಲುವ ಮನೆಗಳಿವೆ. ಬಡವರೂ ಮುದುಕರೂ ಬಹಳ ಮಂದಿ ಅವುಗಳಲ್ಲಿರುತ್ತಾರೆ. ಅನೇಕ ಕಡೆ ಕಾನೂನಿನ ಕಣ್ಣಿಗೆ ಅದು ಮನೆಯಲ್ಲ, ಕಾರಿನಂಥ ಚರವಸ್ತು. ಕಂತು ತಪ್ಪಿದರೆ ಕಾರಿನಂತೆಯೇ ಜಪ್ತಿ, ಮಾರಾಟ, ಆಮೇಲೆ ಬಾಕಿಗೆ ಬೆನ್ನಟ್ಟುವುದು. ಆದರೆ ಅದೇ ದೇಶದ ಕ್ಯಾಲಿಫೋರ್ನಿಯ ರಾಜ್ಯ, ಜನ ಬೀದಿಪಾಲಾಗುತ್ತಿದ್ದ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲೇ ಆಸ್ತಿ ಕೊಳ್ಳಲೆಂದು ಮಾಡಿದ ಸಾಲಕ್ಕೆ ರಕ್ಷಣೆಯ ಕಾನೂನು ತಂದಿತು. ವಾಸದ ಮನೆ ಕೊಳ್ಳಲು ತಂದ ಸಾಲಕ್ಕೆ ಅದೇ ಮನೆ ಹರಾಜಾದರೆ, ಉಳಿದ ಬಾಕಿಗೆ ಮನೆಯವರನ್ನು ಹಿಡಿಯುವಂತಿಲ್ಲ. ಅಲ್ಲಿ ಬ್ಯಾಂಕುಗಳೇನೂ ಬಾಗಿಲು ಹಾಕಿಕೊಂಡು ಹೋಗಲಿಲ್ಲ. ನಮಗೆ ಯಾಕೆ ಆಗಬಾರದು? ವಾಸಕ್ಕಿದ್ದ ಒಂದೇ ಮನೆ, ಅದನ್ನೂ ಬಿಟ್ಟುಕೊಟ್ಟಾಯಿತು ಎಂದ ಮೇಲೆ ಲೆಕ್ಕ ಅಲ್ಲಿಗೆ ಮುಗಿಯಬೇಕು.

ಹೆಂಗಸರಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಹೆಂಡತಿಯ ಹೆಸರು ಸೇರಿಸಿದರೆ ಬಡ್ಡಿಯಲ್ಲಿ ಚೂರು ರಿಯಾಯಿತಿ ಸಿಗುತ್ತದೆಂದು ಅನೇಕ ಕಡೆ ಹೇಳುತ್ತಾರೆ. ನಾವು ಹಿಗ್ಗುತ್ತೇವೆ. ಅರಿಶಿನ ಕುಂಕುಮಕ್ಕೆ ಕರೆದಂತೆ ಕರೆಯುತ್ತಾರೆ, ಹೋಗಿ ಪೆನ್ನಿನ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡಿ ಬರುತ್ತೇವೆ. 1872ರ ಕರಾರು ಕಾಯ್ದೆಯ ಪ್ರಕಾರ ಜಂಟಿಯಾಗಿ ಸಾಲ ತಂದವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು. ಅರ್ಧ ಗಂಡನದು, ಅರ್ಧ ನನ್ನದು ಎಂಬ ಲೆಕ್ಕ ಅಲ್ಲಿಲ್ಲ. ಜಾಮೀನು ಹಾಕಿದವಳಿಗೂ ಅಷ್ಟೇ, ಸಾಲಗಾರನಷ್ಟೇ ಹೊಣೆ. ಇದನ್ನು ಕನ್ನಡದಲ್ಲಿ ಓದಿ ಹೇಳದೆ ತೆಗೆದುಕೊಂಡ ಸಹಿಯನ್ನು ಸಹಿ ಎಂದು ಯಾಕೆ ಕರೆಯಬೇಕು?

ನೋಟಿಸು ಬಂದಾಗ ಹೆದರಿ ಬೀರುವಿನಲ್ಲಿ ಸೀರೆಯಡಿ ಇಡುತ್ತಾರಲ್ಲ, ಅದು ಬೇಡ. 60 ದಿನದೊಳಗೆ ಆಕ್ಷೇಪಣೆ ಬರೆದರೆ 15 ದಿನದಲ್ಲಿ ಅವರು ಉತ್ತರ ಕೊಡಲೇಬೇಕು. ಸ್ವಾಧೀನಕ್ಕೆ ತೆಗೆದುಕೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಹರಾಜಿನ ಪ್ರಕಟಣೆ ಪತ್ರಿಕೆಯಲ್ಲಿ ಬರುವ ಮೊದಲೇ ಹಣ ಹೊಂದಿಸಿದರೆ ಮನೆ ಉಳಿಯುತ್ತದೆ; ಪ್ರಕಟವಾದ ಮೇಲೆ ಬಿಡಿಸಿಕೊಳ್ಳುವ ಹಕ್ಕು ಇಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಆ ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ಬೀದರಿನವಳೂ ಕಾರವಾರದವಳೂ ಹೊಲಿಗೆ ಯಂತ್ರ ನಿಲ್ಲಿಸಿ, ಬಸ್ಸಿನ ಖರ್ಚು, ವಕೀಲರ ಫೀಸು ಹಿಡಿದು ಅಲ್ಲಿಗೆ ಹೋಗಬೇಕು. ಇದಕ್ಕೆ ಹಕ್ಕು ಎಂದು ಹೆಸರು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆದೇಶ ಹೊರಡಿಸಿದೆ. ನಮ್ಮ ಹೊಲಿಗೆಯವಳಿಗೆ ರಾತ್ರಿ ಒಂಬತ್ತಕ್ಕೆ ಬರುತ್ತಿತ್ತು. ಆ ಆದೇಶವನ್ನು ಉಲ್ಲೇಖಿಸಿ, ಖರ್ಚಿನ ಬಾಬತ್ತು ಬಿಡಿಬಿಡಿಯಾಗಿ ಕೊಡಬೇಕೆಂದು ಅವಳ ಹೆಸರಿನಲ್ಲಿ ನಾನೇ ಕಾಗದ ಬರೆದುಕೊಟ್ಟೆ. ಮೂರು ಪುಟದ ಲೆಕ್ಕ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ "ಇತರೆ ವೆಚ್ಚ" ಎಂದು 31 ಸಾವಿರ. ಅದು ಯಾವುದರ ವೆಚ್ಚ, ರಸೀದಿ ಕಳಿಸಿ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಮತ್ತೊಂದು ಕಾಗದ ಹೋಗಿದೆ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ. ಫೋನು ಈಗ ಏಳು ಗಂಟೆಯೊಳಗೆ ಬರುತ್ತದೆ.